ಮಾಸ್ಕನ್ನ ನಿದ್ದೆಲೇ ಕಿತ್ತು ಹಾಕ್ತಾರೆ, ಸಿಪ್ಯಾಪ್ ರೂಢಿ ಆಗತ್ತಾ?

ಪ್ರಶ್ನೆ: ನಮ್ಮ ಯಜಮಾನ್ರಿಗೆ ಸ್ಲೀಪ್ ಅಪ್ನಿಯಾ (ನಿದ್ದೆಲಿ ಆಗಾಗ ಉಸಿರು ನಿಲ್ಲೋ ತೊಂದ್ರೆ) ಅಂತ ಸಿಪ್ಯಾಪ್ ಮಷೀನ್ ಬರ್ಕೊಟ್ಟಿದಾರೆ. ಮಾಸ್ಕ್ ಹಾಕ್ಕೊಂಡ ಕೂಡ್ಲೇ ಉಸಿರು ಕಟ್ಟಿದಂಗಾಗತ್ತೆ ಅಂತಾರೆ. ಹೆಂಗೋ ಮಲಗಿದ್ರೂ ಎರಡು ಗಂಟೆ ಹೊತ್ತಿಗೆ ಕಿತ್ತು ಪಕ್ಕಕ್ಕಿಟ್ಟಿರ್ತಾರೆ, ಬೆಳಗ್ಗೆ ಕೇಳಿದ್ರೆ ನಂಗೆ ಗೊತ್ತೇ ಇಲ್ಲ ಅಂತಾರೆ. ಅಷ್ಟು ದುಡ್ಡು ಕೊಟ್ಟು ತಂದಿದ್ದು ಈಗ ಅಟ್ಟ ಸೇರೋ ಹಾಗಿದೆ. ರೂಢಿ ಆಗತ್ತಾ, ಇಲ್ಲ ಬಿಟ್ಬಿಡೋದಾ?

ಉತ್ತರ: ಬಿಡ್ಬೇಡಿ ಅಕ್ಕ. ಬಹಳಷ್ಟು ಜನಕ್ಕೆ ರೂಢಿ ಆಗತ್ತೆ, ಆದ್ರೆ ಹಲ್ಲು ಕಚ್ಕೊಂಡು ಸಹಿಸಿದ್ರೆ ಅಲ್ಲ, ಎಲ್ಲಿ ತೊಂದ್ರೆ ಆಗ್ತಿದೆ ಅಂತ ಹುಡುಕಿ ಒಂದೊಂದೇ ಸರಿ ಮಾಡಿಸ್ಕೊಂಡ್ರೆ. ಮೊದಲು ಒಂದು ಮಾತು, ಅವ್ರು ಹಠಕ್ಕೆ ಕಿತ್ತು ಹಾಕ್ತಿಲ್ಲ. ನಿದ್ದೆಗಣ್ಣಲ್ಲಿ ಕೈ ತಾನಾಗೇ ಹೋಗತ್ತೆ, ಗೊತ್ತಿಲ್ಲ ಅಂತ ಹೇಳೋದು ನಿಜಾನೇ, ಅದಕ್ಕೆ ಬೆಳಬೆಳಗ್ಗೆ ಜಗಳ ಬೇಡ.

ತುಂಬಾ ಜನ ಇದನ್ನ ಆಕ್ಸಿಜನ್ ಮಷೀನ್ ಅನ್ಕೊಂಡಿದಾರೆ, ಅಲ್ಲ. ರೂಮಲ್ಲಿರೋ ಗಾಳಿನೇ ಸ್ವಲ್ಪ ಒತ್ತಡದಲ್ಲಿ ಮೂಗಿನ ಮೂಲಕ ಗಂಟಲಿಗೆ ಬಿಡತ್ತೆ, ಅಷ್ಟೇ. ನಿದ್ದೆ ಬಂದಾಗ ಗಂಟಲ ಹಿಂದಿನ ಸ್ನಾಯು ಸಡಿಲ ಆಗಿ ಉಸಿರಿನ ದಾರಿ ಮುಚ್ಕೊಳತ್ತಲ್ಲ, ಅದನ್ನ ಈ ಒತ್ತಡ ತೆರೆದಿಟ್ಟಿರತ್ತೆ. ಸಿಡ್ನಿಯ ಡಾಕ್ಟರ್ ಕಾಲಿನ್ ಸಲ್ಲಿವನ್ ಮತ್ತವರ ತಂಡ 1981ರಲ್ಲಿ ಇದನ್ನ ಪ್ರಕಟಿಸಿದಾಗಿನಿಂದ ತತ್ವ ಅದೇ, ಮಾಸ್ಕು ಮಷೀನು ಮಾತ್ರ ಎಷ್ಟೋ ಹಗುರ ಆಗಿವೆ. ನಿಮ್ಮ ಯಜಮಾನ್ರ ಸ್ಲೀಪ್ ಸ್ಟಡಿ, ಅಂದ್ರೆ ನಿದ್ದೆ ಪರೀಕ್ಷೆಯ ರಿಪೋರ್ಟಲ್ಲಿ ಎಎಚ್‌ಐ ಅಂತ ಒಂದು ನಂಬರ್ ಇರತ್ತೆ ನೋಡಿ, ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಲ್ತು ಅಥವಾ ತೀರಾ ಕಮ್ಮಿ ಆಯ್ತು ಅಂತ. 5ರಿಂದ 15 ಇದ್ರೆ ಕಮ್ಮಿ, 15ರಿಂದ 30 ಮಧ್ಯಮ, 30 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ತೀವ್ರ. 30 ಅಂದ್ರೆ ಎರಡು ನಿಮಿಷಕ್ಕೊಂದು ಸಲ. ಆ ನಂಬರನ್ನ ಅವ್ರಿಗೆ ಒಂದ್ಸಲ ಸಮಾಧಾನವಾಗಿ ತೋರಿಸಿ.

ಈಗ ಉಸಿರು ಕಟ್ಟೋ ವಿಷ್ಯ. ಇದಕ್ಕೆ ಕಾರಣ ಗಾಳಿ ಜಾಸ್ತಿ ಆಗಿದ್ದು ಅಂತ ಎಲ್ರೂ ಅನ್ಕೋತಾರೆ, ಎಷ್ಟೋ ಸಲ ಉಲ್ಟಾ ಇರತ್ತೆ. ಮಷೀನಲ್ಲಿ ರ‍್ಯಾಂಪ್ ಅಂತ ಒಂದು ಸೆಟ್ಟಿಂಗ್ ಇದೆ, ನಿದ್ದೆ ಬರೋ ತನಕ ಕಮ್ಮಿ ಒತ್ತಡದಲ್ಲಿ ಶುರು ಮಾಡಿ ನಿಧಾನಕ್ಕೆ ಏರಿಸತ್ತೆ. ಶುರುವಿನ ಒತ್ತಡ 4ಕ್ಕೆ (ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ) ಇಟ್ಟಿದ್ರೆ, ಅದೇ ಅತಿ ಕಮ್ಮಿ, ಸ್ವಲ್ಪ ದಪ್ಪ ಮೈಯವ್ರಿಗೆ ಆ ಗಾಳಿ ಸಾಲಲ್ಲ, ಮುಚ್ಚಿದ ಡಬ್ಬದೊಳಗೆ ಉಸಿರಾಡ್ದಂಗೆ ಆಗತ್ತೆ. ಅದನ್ನ 6ರ ಹತ್ರ ಮಾಡಿಸಿದ್ರೆ ಕೆಲವ್ರಿಗೆ ಅವತ್ತೇ ಹಾಯಾಗತ್ತೆ. ಇನ್ನು ಉಸಿರು ಹೊರಗೆ ಬಿಡೋದೇ ಕಷ್ಟ ಅಂದ್ರೆ, ಬಿಡೋ ಹೊತ್ತಿಗೆ ಒತ್ತಡ ಇಳಿಸೋ ಸೆಟ್ಟಿಂಗ್ ಬೇರೆ ಇರತ್ತೆ, ಅದನ್ನ ಆನ್ ಮಾಡಿಸಿ. ಎರಡನ್ನೂ ಮಷೀನ್ ಕೊಟ್ಟವ್ರು ಅಥವಾ ಡಾಕ್ಟ್ರ ಕಡೆಯವ್ರೇ ಮಾಡ್ಬೇಕು, ಚಿಕಿತ್ಸೆಯ ಒತ್ತಡವನ್ನ ಮನೇಲೇ ಯೂಟ್ಯೂಬ್ ನೋಡ್ಕೊಂಡು ಬದಲಾಯಿಸ್ಬೇಡಿ.

ರೂಢಿ ಮಾಡ್ಕೊಳ್ಳೋ ಹೊತ್ತು ರಾತ್ರಿ ಅಲ್ಲ, ಇದು ನಾನು ಎಲ್ರಿಗೂ ಒತ್ತಿ ಹೇಳೋದು. ರಾತ್ರಿ ಹನ್ನೊಂದಕ್ಕೆ ಸುಸ್ತಾಗಿ ನಾಳೆ ಡ್ಯೂಟಿ ಇದೆ ಅನ್ನೋ ಟೆನ್ಷನ್‌ನಲ್ಲಿ ಹೊಸ ಮಾಸ್ಕ್ ಹಾಕ್ಕೊಂಡ್ರೆ ಯಾರಿಗಾದ್ರೂ ಗಾಬರಿನೇ. ಸಂಜೆ ಟಿವಿಲಿ ನ್ಯೂಸೋ ಮ್ಯಾಚೋ ನೋಡೋವಾಗ ಬರೀ ಮಾಸ್ಕನ್ನ ಕೈಲಿ ಹಿಡ್ಕೊಂಡು ಮುಖಕ್ಕೆ ಇಟ್ಕೊಳಕ್ಕೆ ಹೇಳಿ, ಪಟ್ಟಿ ಬೇಡ, ಯಾವಾಗ ಬೇಕಾದ್ರೂ ತೆಗೀಬಹುದು ಅಂತ ಗೊತ್ತಿದ್ರೇ ಅರ್ಧ ಭಯ ಹೋಗತ್ತೆ. ಆಮೇಲೆ ಪಟ್ಟಿ ಹಾಕಿ, ಆಮೇಲೆ ಪೈಪ್ ಸೇರಿಸಿ ಗಾಳಿ ಆನ್ ಮಾಡಿ, ಅದು ಬೇಜಾರು ಅನ್ನಿಸೋ ಮಟ್ಟಕ್ಕೆ ಬಂದ್ಮೇಲೆ ಮಧ್ಯಾಹ್ನ ಊಟ ಆಗಿ ಮಲಗೋವಾಗ ಹಾಕ್ಲಿ. ನಿಜ ಹೇಳ್ಬೇಕು ಅಂದ್ರೆ ಆ ಮಧ್ಯಾಹ್ನದ ನಿದ್ದೆಗೂ ಮಷೀನ್ ಬೇಕೇ ಬೇಕು.

ನಡುರಾತ್ರಿ ಕಿತ್ತು ಹಾಕೋದಕ್ಕೆ ಸಾಮಾನ್ಯ ಕಾರಣಗಳಲ್ಲಿ ಒಂದು ಲೀಕ್. ಮಾಸ್ಕನ್ನ ಮಂಚದ ಮೇಲೆ ಕೂತು ಟೈಟ್ ಮಾಡ್ಕೋತಾರೆ, ಮಲಗಿದ ಕೂಡ್ಲೇ ಕೆನ್ನೆ ಜಾರಿ ಮುಖದ ಆಕಾರನೇ ಬದಲಾಗತ್ತೆ, ಗಾಳಿ ಕಣ್ಣಿಗೆ ಹೊಡಿಯತ್ತೆ, ಪುರ್ ಅಂತ ಸದ್ದು ಬೇರೆ. ಅದಕ್ಕೆ ಮಷೀನ್ ಆನ್ ಮಾಡಿ, ದಿನಾ ಮಲಗೋ ಮಗ್ಗುಲಲ್ಲೇ ಮಲಗಿ, ಆಮೇಲೆ ಪಟ್ಟಿ ಸರಿ ಮಾಡ್ಬೇಕು, ಒಂದು ಬೆರಳು ಆರಾಮಾಗಿ ಒಳಗೆ ಹೋಗೋಷ್ಟು ಸಡಿಲ ಇರ್ಲಿ. ಬಿಗಿ ಮಾಡ್ದಷ್ಟೂ ಸಿಲಿಕಾನ್ ಮಡಚ್ಕೊಂಡು ಇನ್ನೂ ಲೀಕ್ ಆಗತ್ತೆ, ಮೂಗಿನ ಮೇಲೆ ಗಾಯ ಬೇರೆ. ನಮ್ಮವ್ರಿಗೆ ಇನ್ನೊಂದು ಅಭ್ಯಾಸ, ಮಲಗೋ ಮುಂಚೆ ಮುಖಕ್ಕೆ ಕೊಬ್ಬರಿ ಎಣ್ಣೆನೋ ಕ್ರೀಮೋ ಹಚ್ಕೊಳ್ಳೋದು. ಅದು ಇದ್ರೆ ಸಿಲಿಕಾನ್ ಕೂರಲ್ಲ, ಜಾರತ್ತೆ, ಬೇಗ ಹಾಳೂ ಆಗತ್ತೆ. ಸೋಪಲ್ಲಿ ಮುಖ ತೊಳ್ಕೊಂಡು ಒರೆಸ್ಕೊಂಡು ಹಾಕ್ಲಿ, ಮಾಸ್ಕನ್ನೂ ಬೆಳಗ್ಗೆ ಸೌಮ್ಯ ಸೋಪು ನೀರಲ್ಲಿ ತೊಳ್ದು ನೆರಳಲ್ಲಿ ಒಣಗಿಸಿ. ಗಡ್ಡ ಇದ್ರೆ ಮೂಗಿನ ಹೊಳ್ಳೆಗೆ ಕೂರೋ ಪುಟ್ಟ ಪಿಲ್ಲೋ ಮಾಸ್ಕ್ ಟ್ರೈ ಮಾಡಿ. ಮೊದಲು ಕೊಟ್ಟ ಮಾಸ್ಕೇ ಹಣೆಬರಹ ಅಲ್ಲ, ಸೈಜು ಮಾಡೆಲ್ಲು ಬದಲಾಯಿಸಿ ಕೊಡಿ ಅಂತ ಧೈರ್ಯವಾಗಿ ಕೇಳಿ.

ಮೂಗು ಕಟ್ಟಿದ್ರೆ ಏನು ಮಾಡಿದ್ರೂ ಮಾಸ್ಕ್ ನಿಲ್ಲಲ್ಲ, ಅದನ್ನ ಇಎನ್‌ಟಿಗೆ ತೋರಿಸಿ. ಬೆಳಗ್ಗೆ ಬಾಯಿ ಒಣಗಿ ಕಟ್ಟಿಗೆ ಆಗಿದ್ರೆ ಬಾಯಿ ತೆರ್ಕೊಂಡು ಗಾಳಿ ಹೋಗ್ತಿದೆ ಅಂತ ಅರ್ಥ, ಗಾಳಿಗೆ ತೇವ ಸೇರಿಸೋ ಹ್ಯುಮಿಡಿಫೈಯರ್ ಹೆಚ್ಚಿಸೋದೋ ಬಾಯಿ ಮೂಗು ಎರಡೂ ಮುಚ್ಚೋ ಫುಲ್ ಫೇಸ್ ಮಾಸ್ಕೋ ಬೇಕಾಗಬಹುದು. ಹ್ಯುಮಿಡಿಫೈಯರ್‌ಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಬೋರ್ ನೀರು ಬೇಡ, ಉಪ್ಪು ಕಟ್ಕೊಳತ್ತೆ. ಚಳಿಗಾಲದಲ್ಲಿ ಪೈಪಲ್ಲಿ ನೀರು ಸೇರ್ಕೊಂಡು ಗೊಳಗೊಳ ಅಂದ್ರೆ ಪೈಪನ್ನ ಹೊದಿಕೆ ಒಳಗೆ ತಗೊಳ್ಳಿ.

ರಾತ್ರಿ ಕರೆಂಟ್ ಹೋದ್ರೆ ಸತ್ತೇ ಹೋಗ್ತೀವಾ ಅಂತ ಬಹಳ ಜನ ಕೇಳ್ತಾರೆ. ಇಲ್ಲ. ಮಾಸ್ಕಲ್ಲಿ ಉಸಿರು ಹೊರಗೆ ಹೋಗೋ ತೂತುಗಳಿರ್ತವೆ, ಫುಲ್ ಫೇಸ್ ಮಾಸ್ಕಲ್ಲಿ ಗಾಳಿ ನಿಂತ್ರೆ ತೆರ್ಕೊಳೋ ವಾಲ್ವೂ ಇರತ್ತೆ. ಗಾಳಿ ನಿಂತ ಕೂಡ್ಲೇ ಸಾಮಾನ್ಯವಾಗಿ ಎಚ್ಚರ ಆಗತ್ತೆ, ಮಾಸ್ಕ್ ತೆಗೆದು ಮಲಗಿದ್ರಾಯ್ತು. ಇನ್ವರ್ಟರ್ ಇದ್ರೆ ಹ್ಯುಮಿಡಿಫೈಯರ್ ಆಫ್ ಮಾಡಿ, ಜಾಸ್ತಿ ಕರೆಂಟ್ ಎಳೆಯೋದು ಅದೇ.

ಎರಡು ಗಂಟೆಗೆ ಮಾಸ್ಕ್ ಬಿದ್ದಿರೋದು ನೋಡಿದ್ರೆ ಹೇಗೂ ಅರ್ಧ ರಾತ್ರಿ ಆಯ್ತಲ್ಲ ಅಂತ ಬಿಡ್ಬೇಡಿ, ಎಬ್ಬಿಸಿ ಮತ್ತೆ ಹಾಕಿಸಿ. ಕನಸು ಬೀಳೋ ನಿದ್ದೆ ಬೆಳಗಿನ ಜಾವದ ಕಡೆಗೇ ಜಾಸ್ತಿ, ಸುಮಾರು ಜನಕ್ಕೆ ಉಸಿರು ನಿಲ್ಲೋದೂ ಆಗ್ಲೇ ಜಾಸ್ತಿ, ಅಂದ್ರೆ ಮಾಸ್ಕ್ ಅತಿ ಹೆಚ್ಚು ಬೇಕಾಗಿರೋ ಹೊತ್ತಲ್ಲೇ ಅದು ಮುಖದ ಮೇಲೆ ಇಲ್ಲ. ಬಹಳ ಮಷೀನುಗಳಲ್ಲಿ ಕಾರ್ಡೋ ಆ್ಯಪೋ ಇರತ್ತೆ, ಎಷ್ಟು ಗಂಟೆ ಹಾಕಿದ್ರು, ಲೀಕ್ ಎಷ್ಟು, ಎಎಚ್‌ಐ ಎಷ್ಟಕ್ಕೆ ಇಳೀತು ಎಲ್ಲಾ ಅದರಲ್ಲಿದೆ. ಮೊದಲ ತಿಂಗಳು ಮುಗಿಯೋ ತನಕ ಕಾಯ್ಬೇಡಿ, ಈ ವಾರನೇ ಮಷೀನು ಮಾಸ್ಕು ಎರಡನ್ನೂ ಹಿಡ್ಕೊಂಡು ಹೋಗಿ ಡಾಕ್ಟ್ರ ಮುಂದೆ ಇಡಿ, ಅಲ್ಲೇ ಮಲಗಿಸಿ ಫಿಟ್ಟಿಂಗ್ ನೋಡಿ ಅಂತ ಕೇಳಿ. ಎಲ್ಲಾ ಸರಿ ಮಾಡಿದ್ಮೇಲೂ ಆಗ್ಲೇ ಇಲ್ಲ ಅಂದ್ರೆ ಉಸಿರು ತಗೊಳೋವಾಗ ಜಾಸ್ತಿ, ಬಿಡೋವಾಗ ಕಮ್ಮಿ ಒತ್ತಡ ಕೊಡೋ ಬೈಪ್ಯಾಪ್ ಮಷೀನ್ ಇದೆ, ಕೆಲವ್ರಿಗೆ ದವಡೆ ಮುಂದಕ್ಕೆ ತರೋ ಡೆಂಟಲ್ ಸಾಧನ ಇದೆ. ಅಲ್ಲೀವರ್ಗೂ ಹಗಲು ತೂಕಡಿಸ್ತಾರೆ ಅಂದ್ರೆ ದಯವಿಟ್ಟು ಗಾಡಿ ಕೀ ನಿಮ್ಮ ಹತ್ರ ಇಟ್ಕೊಳ್ಳಿ.