ಎರಡಡಿ ದಪ್ಪದ ಗೋಡೆ ಒಡೆದು ಶಟರ್ ಕೂರಿಸಬಹುದೇ?

ಪ್ರಶ್ನೆ: ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ತಾತನ ಕಾಲದ ಮನೆ. ಮುಂದಿನ ಪಡಸಾಲೆಯನ್ನು ಅಂಗಡಿ ಮಾಡಿ ಬಾಡಿಗೆಗೆ ಕೊಡೋಣ ಅಂತಿದ್ದೇವೆ. ಗೋಡೆ ಎರಡಡಿ ದಪ್ಪ, ಎಂಟಡಿ ಶಟರ್‌ಗೆ ಒಡೆದರೆ ಏನೂ ಆಗಲ್ಲ ಅಂತಾರೆ ಮೇಸ್ತ್ರಿ. ಹೌದಾ?

ಉತ್ತರ: ಅಲ್ಲ. ಶಿವರಾಂಪೇಟೆಯವರೂ ಇದನ್ನೇ ಕೇಳುತ್ತಾರೆ, ಅಶೋಕ ರಸ್ತೆಯವರೂ ಇದನ್ನೇ ಕೇಳುತ್ತಾರೆ, ಅದೂ ಅರ್ಧ ಗೋಡೆ ಕೆಡವಿದ ಮೇಲೆ.

ದಪ್ಪ ಇದ್ದರೆ ಗಟ್ಟಿ ಅನ್ನುವುದನ್ನು ಮೊದಲು ತಲೆಯಿಂದ ತೆಗೆಯಿರಿ. ಗಾರೆಗೆ ಬಲ ಸಾಲದು ಅಂತಲೇ ಗೋಡೆಯನ್ನು ಅಷ್ಟು ದಪ್ಪ ಕಟ್ಟಿದ್ದು. ಇಂಥ ಎಷ್ಟೋ ಮನೆಗಳಲ್ಲಿ ಇಟ್ಟಿಗೆ ಕೂತಿರುವುದು ಬರೀ ಮಣ್ಣಿನ ಮೇಲೆ. ಸುಣ್ಣ ಇರುವುದು ಹೊರಗಿನ ಗಿಲಾವಿನಲ್ಲಿ. ಒಳಗೊಂದು ಸಾಲು, ಹೊರಗೊಂದು ಸಾಲು, ನಡುವೆ ಇಟ್ಟಿಗೆ ಚೂರು ಮತ್ತು ಮಣ್ಣು. ಉಳಿ ಇಟ್ಟ ಕಡೆ ನಡುವಿನದು ಹರಿದ ಅವಲಕ್ಕಿ ಚೀಲದ ಹಾಗೆ ಸುರಿಯುತ್ತದೆ. ಉದ್ದಕ್ಕೂ ಹರಡಿದ ಭಾರವನ್ನು ಈ ಗೋಡೆ ನೂರು ವರ್ಷ ಹೊತ್ತೀತು. ಅದೇ ಭಾರ ಎರಡು ಮೂಲೆಗೆ ಬಂದರೆ ಬಿರಿಯುತ್ತದೆ. ಇದೇ ಮೈಸೂರಿನಲ್ಲಿ 2012ರಲ್ಲಿ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ. ಅಲ್ಲಿನ ಗೋಡೆಗಳೇನು ತೆಳ್ಳಗಿದ್ದವಾ?

ಲೆಕ್ಕವನ್ನೂ ನೋಡಿ. ಜಂತೆಯ ಮೇಲೆ ಇಟ್ಟಿಗೆ, ಅದರ ಮೇಲೆ ಜಲ್ಲಿ-ಸುಣ್ಣ ಬಡಿದ ಮದ್ರಾಸ್ ತಾರಸಿ ಚದರ ಮೀಟರಿಗೆ ಸುಮಾರು 350 ಕಿಲೋ ತೂಗುತ್ತದೆ. ಹತ್ತಡಿ ಅಗಲದ ಕೋಣೆಯಾದರೆ ಅದರ ಅರ್ಧ ಮುಂದಿನ ಗೋಡೆಗೆ. ಎಂಟಡಿ ತೆರೆದರೆ ಚಾವಣಿಯದ್ದೇ ಒಂದೂಕಾಲು ಟನ್; ಮೇಲುಳಿದ ಗೋಡೆಯ ತೂಕ ಬೇರೆ.

ಜಂತೆಗಳು ಯಾವ ಕಡೆಗೆ ಹಾಯ್ದಿವೆ ಅಂತ ಮೊದಲು ನೋಡಿ. ತುದಿಗಳು ಮುಂದಿನ ಗೋಡೆಯ ಮೇಲೇ ಕೂತಿದ್ದರೆ ಶಟರ್ ಆಸೆ ಬಿಡುವುದೇ ವಾಸಿ. ಬದಲಿಗೆ ಇರುವ ಕಿಟಕಿಗಳ ಕೆಳಗಿನ ಗೋಡೆಯನ್ನಷ್ಟೇ ತೆಗೆದು ಬಾಗಿಲು ಮಾಡಿ. ಮೇಲಿನ ತೊಲೆ ಇದ್ದಲ್ಲೇ ಇರುತ್ತದೆ, ಭಾರದ ದಾರಿ ಬದಲಾಗುವುದಿಲ್ಲ. ಬಟ್ಟೆ ಅಂಗಡಿಗೆ ಮೂರು ಬಾಗಿಲು ಧಾರಾಳ ಸಾಕು.

ಶಟರೇ ಬೇಕೆಂದರೆ ಸ್ಟ್ರಕ್ಚರಲ್ ಎಂಜಿನಿಯರ್ ತೊಲೆಯ ಅಳತೆ ಹೇಳಲಿ. ಕೆಲಸ ಹೀಗೆ: ಜಂತೆಗಳ ಕೆಳಗೆ ಹಲಗೆ ಕೊಟ್ಟು ಮೂರಡಿಗೊಂದು ಜಾಕಿ ಅಥವಾ ಸರ್ವೆ ಮರ ನಿಲ್ಲಿಸಿ. ತೊಲೆ ಕೂರುವ ಎರಡೂ ತುದಿಗೆ ಕಾಂಕ್ರೀಟ್ ಬೆಡ್ ಬ್ಲಾಕ್ (ತೊಲೆಯ ಭಾರವನ್ನು ಗೋಡೆಗೆ ಹರಡುವ ದಿಂಬು) ಹಾಕಿ ಏಳು ದಿನ ನೀರುಣಿಸಿ. ಆಮೇಲೆ ಗೋಡೆಯ ಹೊರ ಅರ್ಧವನ್ನಷ್ಟೇ ಕೊರೆದು ಮೊದಲ ಕಬ್ಬಿಣದ ತೊಲೆ ಕೂರಿಸಿ, ಮೇಲಿನ ಸಂದಿಗೆ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟೇ ನೀರಿನ ಗಾರೆಯನ್ನು ಬಿಗಿಯಾಗಿ ತುಂಬಿ. ಅದು ಗಟ್ಟಿಯಾದ ಮೇಲೆ ಒಳ ಅರ್ಧ. ಎರಡೂ ತೊಲೆಗಳಿಗೆ ಬೋಲ್ಟ್ ಹಾಕಿದ ಮೇಲೇ ಕೆಳಗಿನ ಗೋಡೆ ಒಡೆಯುವುದು. ಬ್ರೇಕರ್ ಮಿಷನ್ ತರಬೇಡಿ, ಅದರ ನಡುಕಕ್ಕೆ ಪಕ್ಕದ ಗೋಡೆಯೂ ಬಿಡಿಸಿಕೊಳ್ಳುತ್ತದೆ. ಶಟರ್‌ನ ಪಟ್ಟಿಯನ್ನು ಮಣ್ಣಿನ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಬೇಡಿ, ಕಬ್ಬಿಣದ ಚೌಕಟ್ಟಿಗೆ ವೆಲ್ಡ್ ಮಾಡಿಸಿ. ದಿನಕ್ಕೆರಡು ಸಲ ಎಳೆದ ಹೊಡೆತಕ್ಕೆ ಮೊಳೆ ನಿಲ್ಲುವುದಿಲ್ಲ. ಪಾಲಿಕೆಯ ಅನುಮತಿ ಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಅಂಗಡಿಯಾದ ಕೂಡಲೇ ನೆಲಕ್ಕೆ ಟೈಲ್ಸ್, ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹಾಕಿಸುತ್ತಾರೆ. ಈ ಗೋಡೆಗಳ ಅಡಿಯಲ್ಲಿ ತೇವ ತಡೆಯುವ ಪದರವಿಲ್ಲ. ನೆಲದ ತೇವ ಮೇಲೇರಿ ಸುಣ್ಣದ ಗಿಲಾವಿನ ಮೂಲಕ ಆರುತ್ತಿತ್ತು. ಸಿಮೆಂಟ್ ಅದನ್ನು ತಡೆದಾಗ ತೇವ ಇನ್ನೂ ಮೇಲೇರುತ್ತದೆ, ಒಳಗೆ ಉಪ್ಪು ಕಟ್ಟಿ ಪ್ಲಾಸ್ಟರ್ ಹಾಳೆ ಹಾಳೆಯಾಗಿ ಕಳಚುತ್ತದೆ. ಬಾಡಿಗೆದಾರರು ಮತ್ತೆ ಸಿಮೆಂಟನ್ನೇ ಬಳಿಸುತ್ತಾರೆ! ಸಿಮೆಂಟ್ ಬದಲು ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಿಲಾವು ಮಾಡಿಸಿ, ಅದರ ಮೇಲೆ ಸುಣ್ಣದ ಬಣ್ಣ. ಡಿಸ್ಟೆಂಪರ್ ಕೂಡ ಬೇಡ. ಪಡಸಾಲೆಯ ಹಿಂಭಾಗದಲ್ಲಿ ತೊಟ್ಟಿ (ಮನೆಯೊಳಗಿನ ತೆರೆದ ಅಂಗಳ) ಇದ್ದರೆ ಅದರ ನೀರು ಹೋಗುವ ಮೋರಿ ಅಂಗಡಿಯ ನೆಲದಡಿಯಲ್ಲೇ ಹಾಯ್ದಿರಬಹುದು. ಟೈಲ್ಸ್ ಹಾಕುವ ಮುಂಚೆ ತೊಟ್ಟಿಗೆ ನಾಲ್ಕು ಬಿಂದಿಗೆ ನೀರು ಸುರಿದು ಎಲ್ಲಿ ಹೊರಬರುತ್ತದೆ ಅಂತ ನೋಡಿಕೊಳ್ಳಿ.