ಸಬೂಬು ಅಂದ್ರೆ ಕಾರಣ ಅಲ್ಲ ಮಾರಾಯ್ರೆ

ಶಿರಸಿ ಕಡೆ ಒಂದು ಸಂಘದ ನೋಟಿಸ್ ಬೋರ್ಡಲ್ಲಿ ಮೊನ್ನೆ ಓದಿದ್ದು: "ಸಭೆಗೆ ಗೈರಾಗುವ ಸದಸ್ಯರು ಸೂಕ್ತ ಸಬೂಬನ್ನು ಲಿಖಿತವಾಗಿ ತಿಳಿಸತಕ್ಕದ್ದು." ಸೂಕ್ತ ಸಬೂಬು! ಒಂದೇ ಸಲ ಆಗಿದ್ರೆ ಸುಮ್ನೆ ಬಂದುಬಿಡ್ತಿದ್ದೆ, ಆದ್ರೆ ಅದೇ ವಾರ ವಾಟ್ಸಾಪಲ್ಲಿ ಒಬ್ರು "ಬರಲಾಗದ್ದಕ್ಕೆ ನನ್ನ ಸಬೂಬು ಇಷ್ಟೇ, ಜ್ವರ" ಅಂತ ಬರ್ದಿದ್ರು, ಪಾಪ ಅವ್ರಿಗೆ ನಿಜವಾಗ್ಲೂ ಜ್ವರ ಬಂದಿತ್ತು.

ಸಬೂಬು ಅನ್ನೋದು ಕೇಳಿಸಿಕೊಂಡವನ ಬಾಯಲ್ಲಿ ಬರೋ ಮಾತು, ಹೇಳಿದವನದ್ದಲ್ಲ. ನಾನು ಕೊಡೋದು ಕಾರಣ, ಅದನ್ನ ನೀವು ನಂಬದೇ ಇದ್ರೆ ನಿಮ್ಮ ಲೆಕ್ಕದಲ್ಲಿ ಅದು ಸಬೂಬು. ಅದಕ್ಕೇ "ಸಬೂಬು ಹೇಳ್ಬೇಡ" ಅಂತ ಬೈತೇವೆ, "ಒಂದು ಸಬೂಬು ಹೇಳಿ ನೋಡುವ" ಅಂತ ಯಾರೂ ಮರ್ಯಾದೆಯಿಂದ ಕೇಳೂದಿಲ್ಲ. ನೋಟಿಸಲ್ಲಿ ಹಾಗೆ ಕೇಳಿದ್ರೆ, ನೀವು ಸುಳ್ಳು ಹೇಳ್ತೀರಿ ಅಂತ ಮೊದಲೇ ತೀರ್ಮಾನ ಮಾಡಿ ಆಮೇಲೆ ಅರ್ಜಿ ಕೇಳಿದ ಹಾಗೆ ಆಯ್ತು.

ಇದನ್ನ ಹೇಳಿದ್ದಕ್ಕೆ ಒಬ್ರು ವಾದಕ್ಕೆ ಬಂದ್ರು, ಮೂಲದಲ್ಲಿ ಅದಕ್ಕೆ ಕಾರಣ ಅಂತ್ಲೇ ಅರ್ಥ ಅಲ್ವಾ ಅಂತ. ಹೌದು, ಮೂಲ ಸರಿಯೇ. ಅರಬ್ಬಿಯ ಸಬಬ್. ಅಲ್ಲಿ ಅದಕ್ಕೆ ಹಳೇ ಅರ್ಥ ಹಗ್ಗ, ಏನನ್ನೋ ತಲುಪಲಿಕ್ಕೆ ಹಿಡ್ಕೊಳ್ಳೋ ಹಗ್ಗ. ಹಗ್ಗ ಇದ್ರೆ ತಾನೇ ಬಾವಿಯ ನೀರು ಕೈಗೆ ಸಿಗೋದು, ಹಾಗಾಗಿ ಸಾಧನ, ಸಾಧನದಿಂದ ಕಾರಣ. ಫಾರ್ಸಿ, ಉರ್ದು, ಹಿಂದಿಯಲ್ಲಿ ಕಾರಣವಾಗಿಯೇ ಉಳ್ಕೊಂತು. ಮರಾಠಿಯಲ್ಲಿ ಎರಡೂ ಇದೆ: ಮಾತಲ್ಲಿ ಸಬಬ ಅಂದ್ರೆ ನೆಪ, ಕೋರ್ಟಿನ ಕಾಗದದಲ್ಲಿ "ಸಬಬ" ಅಂದ್ರೆ "ಆದ ಕಾರಣ". ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಹೋಗಿ 1956ರ ತನಕ ಅಲ್ಲೇ ಇತ್ತಲ್ಲ, ಕಾರವಾರದ ಕಡೆ ಮರಾಠಿ ಕಿವಿಗೆ ಬೀಳದ ದಿನವೇ ಇಲ್ಲ, ಹಾಗಾಗಿ ಕಿವಿ ಮೋಸ ಹೋಗೋದು ನಂಗೆ ಅರ್ಥ ಆಗ್ತದೆ. ಆದ್ರೆ ಕನ್ನಡದಲ್ಲಿ ಸಬೂಬು ಆದ್ಮೇಲೆ ಅದು ನಮ್ಮ ಪದ, ನಮ್ಮ ಅರ್ಥವೇ ಲೆಕ್ಕ. ಅರಬ್ಬಿಯಲ್ಲಿ ತಕರಾರು ಅಂದ್ರೆ ಮತ್ತೆ ಮತ್ತೆ ಮಾಡೋದು, ಪುನರಾವರ್ತನೆ. ಹಾಗಂತ ದಿನಾ ಚಾ ಕುಡಿಯೋದನ್ನ ಚಾದ ತಕರಾರು ಅಂತೀರಾ? ಮೂಲ ಗೊತ್ತಿರೋದು ಒಳ್ಳೇದೇ, ಅದನ್ನ ಹಿಡ್ಕೊಂಡು ಇವತ್ತಿನ ಅರ್ಥವನ್ನ ಕೆಡಿಸಬಾರ್ದು.

ಇನ್ನು ನೆಪ. ಇದನ್ನ ಸಬೂಬಿನ ಜೊತೆ ಒಂದೇ ಚೀಲಕ್ಕೆ ಹಾಕೋದು ನಂಗೆ ಇನ್ನೂ ಬೇಜಾರು. ಹಳೇ ರೂಪ ನೆವ, ಸಂಸ್ಕೃತದ ನಿಭ ಅನ್ನೋದರ ತದ್ಭವ. ನಿಭ ಅಂದ್ರೆ ಹೋಲುವಂಥದ್ದು, ತೋರಿಕೆ. ಅಂದ್ರೆ ಕಾರಣದ ಹಾಗೆ ಕಾಣೋದು ನೆಪ, ಎಷ್ಟು ಚೆಂದ ಕೂತಿದೆ ನೋಡಿ. ತೆಲುಗಿನಲ್ಲೂ ನೆಪಂ ಇದೆ. ಸಬೂಬು ಬರೋದು ಕೆಲಸ ಕೆಟ್ಟ ಮೇಲೆ, ಯಾರೋ ಎಂತಕ್ಕೆ ಅಂತ ಕೇಳಿದ ಮೇಲೆ. ನೆಪ ಕೆಲಸಕ್ಕೆ ಮೊದಲೇ ಹುಟ್ತದೆ, ಬಾಯಿ ಬಿಟ್ಟು ಹೇಳ್ಲೇಬೇಕು ಅಂತ್ಲೂ ಇಲ್ಲ. ಅದಕ್ಕೇ ನೆಪ ಮಾಡ್ತಾರೆ, ಹೂಡ್ತಾರೆ, ಹುಡುಕ್ತಾರೆ. ಸಬೂಬನ್ನ ಹೇಳ್ತಾರೆ ಅಥವಾ ಕೊಡ್ತಾರೆ, "ಸಬೂಬು ಹೂಡಿದ" ಅಂದ್ರೆ ಕಿವಿಗೆ ಕಲ್ಲು ಸಿಕ್ಕಿದ ಹಾಗಾಗ್ತದೆ. ಮತ್ತೆ ನೆಪದಲ್ಲಿ ಪ್ರೀತಿಯೂ ಇರ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಂದು ಸಲ ಬಂದಾಗ "ಜಾತ್ರೆ ನೆಪದಲ್ಲಾದ್ರೂ ಬಂದ್ಯಲ್ಲ ಮಗಾ" ಅಂತ ಅಜ್ಜಿ ಹೇಳ್ತಾರಲ್ಲ, ಅಲ್ಲಿ ಸಬೂಬು ಹಾಕಿ ನೋಡಿ, ಅಜ್ಜಿ ಬೈದ ಹಾಗಾಗ್ತದೆ. ಕುಂಟುನೆಪ, ಪಿಳ್ಳೆನೆವ ಅಂತ ಬೇರೆ ವಿಶೇಷಣ ಸೇರಿಸಿ ಬಯ್ಯಬೇಕಾಗೋದು ಇದಕ್ಕೇ, ಬರೀ ನೆಪಕ್ಕೆ ಅಷ್ಟು ಕೆಟ್ಟ ಹೆಸರಿಲ್ಲ.

ಇದೇ ಸಾಲಿನ ಇನ್ನೆರಡು ಪದ ಇವೆ. ಸಮಜಾಯಿಷಿ ಹಿಂದಿಯ ಸಮಝಾಯಿಶ್, ತಿಳಿಸಿ ಹೇಳೋದು, ಮೇಲಿನವರು ಕೇಳಿದಾಗ ಕೆಳಗಿನವರು ಕೊಡೋದು, ನಿಜವೂ ಇರಬಹುದು ಸುಳ್ಳೂ ಇರಬಹುದು. ಸಮರ್ಥನೆ ಅಂದ್ರೆ ಹೌದು ಮಾಡಿದೆ, ಮಾಡಿದ್ದು ಸರಿ ಅಂತ ನಿಲ್ಲೋದು. ಕುಣಿಯಲಾರದವಳು ನೆಲ ಡೊಂಕು ಅಂದದ್ದು ಸಮರ್ಥನೆ ಅಲ್ಲವೇ ಅಲ್ಲ, ಅಪ್ಪಟ ಸಬೂಬು, ಕುಣಿತ ಚೆನ್ನಾಗಿತ್ತು ಅಂತ ಅವಳೇ ಹೇಳ್ಲಿಲ್ಲವಲ್ಲ.

ಮಳೆಯನ್ನೇ ತಗೊಳ್ಳಿ. ಆಷಾಢದಲ್ಲಿ ಮಳೆ ಒಂದು ದಿನವೂ ಹೊಳವು (ಬಿಡುವು) ಕೊಡ್ಲಿಲ್ಲ, ಅಡಿಕೆಗೆ ಬೋರ್ಡೋ ಅನ್ನೋ ಮೈಲುತುತ್ತ-ಸುಣ್ಣದ ಔಷಧಿ ಹೊಡೆಯಲಿಕ್ಕೆ ಆಗ್ಲಿಲ್ಲ, ಕಾಯಿಗೆ ಕೊಳೆ ರೋಗ ಬಂತು ಅಂದ್ರೆ ಮಳೆ ಕಾರಣ. ಹೊಳವು ಆದ ದಿನ ಪೇಟೆಗೆ ಹೋಗಿ ಕೂತು, ಕೊಳೆ ಬಂದ ಮೇಲೆ ಮನೆಯವರ ಹತ್ರ ಮಳೆ ಅಂದ್ರೆ ಸಬೂಬು. ಮಳೆ ಬಂತು ಅಂತ ನೆಂಟರ ಮನೆಯಲ್ಲಿ ಇನ್ನೊಂದು ರಾತ್ರಿ ಉಳಿದ್ರೆ ನೆಪ. 2024ರ ಜುಲೈ 16ರಂದು ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯ್ತು, ಜೀವಗಳು ಹೋದವು. ಆ ದಿನಗಳಲ್ಲಿ ಕುಮಟಾದಿಂದ ಕಾರವಾರಕ್ಕೆ ಬರ್ಲಿಕ್ಕಾಗದವರ ಮಾತನ್ನ ಸಬೂಬು ಅಂತ ಬರೆಯೋಕೆ ಯಾರಿಗಾದ್ರೂ ಕೈ ಬರ್ತದಾ?

ಆ ಸಂಘದ ಹಾಜರಿ ಪುಸ್ತಕವನ್ನೂ ನೋಡಿದೆ. ಕೊನೇ ಕಾಲಮ್ಮಿನ ತಲೆಗೆ ಸಬೂಬು ಅಂತ ಸ್ಕೇಲ್ ಇಟ್ಟು ಗೆರೆ ಎಳೆದು ಬರ್ದಿದ್ದಾರೆ, ಅದರ ಕೆಳಗೆ ಒಬ್ಬ ಹಿರಿಯರು ನಡುಗೋ ಅಕ್ಷರದಲ್ಲಿ "ಹೆಂಡತಿ ಆಸ್ಪತ್ರೆಯಲ್ಲಿ" ಅಂತ ತುಂಬಿದ್ದಾರೆ. ಕಾರ್ಯದರ್ಶಿಯವರ ಹತ್ರ ಅಲ್ಲೇ ಕೇಳ್ಕೊಂಡೆ, ಹೊಸ ಪುಸ್ತಕ ಮಾಡೋವಾಗ ಅಲ್ಲಿ ಕಾರಣ ಅಂತ ಬರೀರಿ, ಅದೂ ಮೂರೇ ಅಕ್ಷರ, ಕಾಲಮ್ಮಲ್ಲಿ ಹಿಡೀತದೆ.