ಕುಮಟಾದ ಹೆಸರು ಹೊತ್ತ ಧಾರವಾಡದ ಹತ್ತಿ

ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಅಲ್ಲಿಯದು ಭತ್ತ, ತೆಂಗು, ಅಡಿಕೆ, ಮೀನು. ಆದರೂ 19ನೇ ಶತಮಾನದಲ್ಲಿ ಮುಂಬೈ ಪೇಟೆಯಲ್ಲಿ ‘ಕುಮಟಾ ಹತ್ತಿ’ಗೆ ದೊಡ್ಡ ಹೆಸರಿತ್ತು. ಅದು ಬೆಳೆದದ್ದು ಹುಬ್ಬಳ್ಳಿ, ನವಲಗುಂದ, ಗದಗ ಸುತ್ತಲಿನ ಎರೆಹೊಲಗಳಲ್ಲಿ. ಹಡಗು ಹತ್ತಿದ ಊರಿನ ಹೆಸರೇ ಅಂಡಿಗೆಗೆ ಅಂಟಿಕೊಂಡಿತು. ಇವತ್ತು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಬಂದ ಮೆಣಸಿನಕಾಯಿ ಬ್ಯಾಡಗಿ ಮಾರ್ಕೆಟ್‌ನಲ್ಲಿ ರಾಶಿ ಬಿದ್ದು ಬ್ಯಾಡಗಿಯ ಹೆಸರು ಹೊರುತ್ತದಲ್ವಾ, ಹಾಗೇ ಇದೂ.

ಈ ಹತ್ತಿ ಹಿಡಿದ ದಾರಿಯ ಕತೆ ಸ್ವಲ್ಪ ವಿಚಿತ್ರ. ಅದು ಯಾವ ಕಡೆ ಹೋಗಬೇಕು ಎಂಬುದನ್ನು ಗುಡ್ಡ, ಹೊಳೆಗಳಷ್ಟೇ ನಿರ್ಧರಿಸಲಿಲ್ಲ. ಯಾರದೋ ಕಚೇರಿಯಲ್ಲಿ ಎಳೆದ ಗಡಿಗೆರೆಗಳೂ ನಿರ್ಧರಿಸಿದವು.

ಮೊದಲು ಘಟ್ಟದ ಮಾತು. ಚಕ್ಕಡಿ ಇಳಿಯುವಂಥ ರಸ್ತೆ ಆಗುವ ಮುಂಚೆ ಸಹ್ಯಾದ್ರಿಯಲ್ಲಿ ಮಾಲು ಸಾಗುತ್ತಿದ್ದದ್ದು ಹೇರೆತ್ತುಗಳ ಬೆನ್ನ ಮೇಲೆ. ಲಂಬಾಣಿಗರು, ಕೊರವರು ಈ ಕೆಲಸದಲ್ಲಿ ಪಳಗಿದವರು. ಬಯಲುಸೀಮೆಯ ಜೋಳ, ಹತ್ತಿ ಕೆಳಗೆ ಇಳಿಯುತ್ತಿತ್ತು, ಕರಾವಳಿಯ ಉಪ್ಪು ಮೇಲೆ ಹತ್ತುತ್ತಿತ್ತು. ಎತ್ತಿಗೆ ರಸ್ತೆ ಬೇಡ, ಕಾಲುದಾರಿ ಸಾಕು. ಆದರೆ ದಾರಿಯುದ್ದಕ್ಕೂ ಸುಂಕದ ಕಟ್ಟೆಗಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಅನ್ನುವ ಗಾದೆ ಸುಮ್ನೆ ಹುಟ್ಟಿದ್ದಲ್ಲ.

ಪೇಶ್ವೆಯರ ಆಳ್ವಿಕೆ 1818ರಲ್ಲಿ ಮುಗಿದು ಧಾರವಾಡ ಕಂಪನಿ ಸರ್ಕಾರದ ಕೈಗೆ ಬಂತು. ಆಮೇಲೆ ಅದು ಮುಂಬೈ ಪ್ರಾಂತ್ಯಕ್ಕೆ ಸೇರಿತು. ಘಟ್ಟದ ಕೆಳಗಿನ ಕೆನರಾ ಮಾತ್ರ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಎರಡೂ ಕಡೆ ಆಳುವವರು ಅದೇ ಕಂಪನಿಯವರು, ಆದರೆ ಖಜಾನೆ ಬೇರೆ ಬೇರೆ. ಒಳನಾಡಿನ ಸಾಗಣೆ ಸುಂಕ ಮುಂಬೈ ಕಡೆ 1838ರ ಹೊತ್ತಿಗೆ ನಿಂತಿತು. ಮದ್ರಾಸ್ ಕಡೆ ಅದು ಹೋಗಲು 1844 ಬೇಕಾಯಿತು. ಈ ನಡುವೆ ಒಂದೇ ಕಂಪನಿಯ ನಾಡಿನಲ್ಲಿ ಒಂದೇ ಮಾಲಿಗೆ ಎರಡು ಕಾನೂನು. ರಸ್ತೆಯ ಮಾತು ಬಂದರೂ ಅದೇ ಪಾಡು. ಹತ್ತಿ ಮುಂಬೈಯವರದು, ಘಟ್ಟ ಮದ್ರಾಸಿನವರದು. ತನ್ನದಲ್ಲದ ಹತ್ತಿಗೆ ಮದ್ರಾಸಿನವರು ಯಾಕೆ ಗುಡ್ಡ ಕಡಿಸಬೇಕು?

ಅದೇ ಹೊತ್ತಿಗೆ ಹುಬ್ಬಳ್ಳಿ ಹತ್ತಿರದ ಕುಸುಗಲ್‌ನಲ್ಲಿ ಅಮೆರಿಕದ ಹತ್ತಿ ಬೀಜದ ಪ್ರಯೋಗ ನಡೆಯಿತು. ಜವಾರಿ ಹತ್ತಿಯ ಪಕ್ಕದಲ್ಲಿ ವಿಲಾಯ್ತಿ ಹತ್ತಿ ಬಂತು. ಧಾರವಾಡದ ಮಣ್ಣಿಗೆ ಅದು ಚೆನ್ನಾಗಿಯೇ ಒಗ್ಗಿತು. ಆಮೇಲೆ 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತಿತು. ನಮ್ಮ ಹತ್ತಿಯ ಬೆಲೆ ಗಗನಕ್ಕೇರಿತು. ಮ್ಯಾಂಚೆಸ್ಟರ್ ವ್ಯಾಪಾರಿಗಳ ಕಣ್ಣು ಕಾರವಾರದ ಬಂದರಿನ ಮೇಲೆ ಬಿತ್ತು.

ಆಗ ನಡೆದದ್ದು ನೋಡಿ. ರಸ್ತೆಗೆ ಗಡಿ ಅಡ್ಡ ಬರುತ್ತದೆ ಎಂದು ಗಡಿಯನ್ನೇ ಸರಿಸಿದರು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಬಂತು. ಕುಂದಾಪುರ ಮಾತ್ರ ಮದ್ರಾಸಿನ ಕಡೆಗೇ ಉಳಿಯಿತು. ಇವತ್ತು ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂದು ಎರಡು ಹೆಸರು ಸಲೀಸಾಗಿ ಹೇಳುತ್ತೇವೆ. ಆ ಎರಡು ಭಾಗ ಬೇರೆ ಬೇರೆ ಪ್ರಾಂತ್ಯಗಳ ಪಾಲಾದದ್ದರ ಹಿಂದೆ ನಮ್ಮ ಎರೆಹೊಲದ ಹತ್ತಿಯೂ ಇದೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಇಷ್ಟೆಲ್ಲ ಮಾಡಿದರೂ ಕಾರವಾರ ದೊಡ್ಡ ಬಂದರಾಗಲಿಲ್ಲ. ಅದಕ್ಕೆ ಅಡ್ಡ ಬಂದದ್ದು ಇನ್ನೊಂದು ಗಡಿ, ಪೋರ್ಚುಗೀಸರ ಗೋವಾದ್ದು. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಂದು ಒಪ್ಪಂದ ಮಾಡಿಕೊಂಡರು. ನಡುವಿನ ಸುಂಕದ ಗಡಿ ತೆಗೆಯುವುದು, ಗೋವಾದ ಉಪ್ಪಿನ ಮೇಲಿನ ಹಿಡಿತ ಬ್ರಿಟಿಷರಿಗೆ ಬಿಡುವುದು, ಮಾರ್ಮಗೋವಾ ಬಂದರಿನಿಂದ ರೈಲು ತರುವುದು. ಘಟ್ಟದ ಮೇಲೆ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಳಿ ಹಾಕಿತು. 1888ರ ಹೊತ್ತಿಗೆ ಎರಡೂ ಹಳಿ ಗೋವಾ ಗಡಿಯ ಕ್ಯಾಸಲ್‌ರಾಕ್‌ನಲ್ಲಿ ಕೂಡಿದವು. ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್ ಬಂತು. ಸಮುದ್ರಕ್ಕೆ ಹೋಗುವ ಹಳಿ ನಮ್ಮದೇ ಜಿಲ್ಲೆಗೆ ಹೊಂದಿದ ಕಾರವಾರವನ್ನು ಬಿಟ್ಟು ಪರದೇಶದ ಬಂದರಿಗೆ ಹೋಯಿತು!

ಸುಂಕದ ಒಪ್ಪಂದ 1892ರಲ್ಲಿ ಮುಗಿಯಿತು. ಗಡಿ ಮತ್ತೆ ಬಂತು, ಹಳಿ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲಂತೂ ಗೋವಾ ಗಡಿ ಬಿಗಿಯಾಯಿತು. 1955ರಲ್ಲಿ ಆ ರೈಲೇ ನಿಂತಿತು. 1961ರ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆಯಾಗುವವರೆಗೆ ಗೋವಾಕ್ಕೆ ಹೋಗುವ ಗಾಡಿ ಇರಲಿಲ್ಲ. ಈಗ ಕ್ಯಾಸಲ್‌ರಾಕ್‌ನಲ್ಲಿ ಪಾಸ್‌ಪೋರ್ಟ್ ಕೇಳುವವರಿಲ್ಲ. ರಸ್ತೆಯ ಗಡಿ ತಪಾಸಣೆ ಇರುವ ಅನಮೋಡದಲ್ಲಿ ಮಾತ್ರ ಅಬಕಾರಿಯವರು ಬಸ್ ಹತ್ತಿ ಬ್ಯಾಗು ಮುಟ್ಟಿ ನೋಡುತ್ತಾರೆ. ಯಾವ ಬಾಟಲಿಗೆ ಎಂದು ಹೇಳಬೇಕಿಲ್ಲ.

ಕಾರವಾರದ ಕಡೆಯ ಹಳೆ ಆಸೆ ಹುಬ್ಬಳ್ಳಿ–ಅಂಕೋಲಾ ರೈಲಿನ ರೂಪದಲ್ಲಿ ಮತ್ತೆ ಬಂತು. 1990ರ ದಶಕದಲ್ಲಿ ಮಂಜೂರಾದ ಆ ಮಾರ್ಗ ಘಟ್ಟದ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಬಿದ್ದಿದೆ. ಕಾಡು ಕಡಿಯಬಾರದು ಎನ್ನುವವರ ಮಾತಿನಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ. ಹುಬ್ಬಳ್ಳಿಯಲ್ಲಿ ಹಾಗೆ ಹೇಳಿದರೆ ಜಗಳ ಗ್ಯಾರಂಟಿ.

ಗಡಿ ಅಂದರೆ ದೂರದ ಘಟ್ಟವೇ ಆಗಬೇಕಿಲ್ಲ. 1947ಕ್ಕೆ ಮುಂಚೆ ಹುಬ್ಬಳ್ಳಿಯಿಂದ ಹರಿಹರದ ಗಾಡಿ ಹತ್ತಿದವರು ಅರ್ಧ ದಿನವೂ ಹಿಡಿಯದ ಪ್ರಯಾಣದಲ್ಲಿ ಎಷ್ಟು ರಾಜ್ಯ ದಾಟುತ್ತಿದ್ದರು ಲೆಕ್ಕ ಹಾಕಿ. ಹುಬ್ಬಳ್ಳಿ ಬ್ರಿಟಿಷರದು. ಕುಂದಗೋಳ ಜಮಖಂಡಿ ಸಂಸ್ಥಾನದ್ದು. ದಾರಿಯ ಪಕ್ಕಕ್ಕೇ ಸವಣೂರಿನ ನವಾಬರ ನಾಡು, ಆ ಕಡೆ ಮಿರಜಕ್ಕೆ ಸೇರಿದ ಲಕ್ಷ್ಮೇಶ್ವರ, ಸಾಂಗ್ಲಿಗೆ ಸೇರಿದ ಶಿರಹಟ್ಟಿ. ರಾಣೆಬೆನ್ನೂರಿನ ಹೊತ್ತಿಗೆ ಮತ್ತೆ ಬ್ರಿಟಿಷರ ನೆಲ, ತುಂಗಭದ್ರೆ ದಾಟಿದರೆ ಮೈಸೂರು ಮಹಾರಾಜರದು. ಗದಗಿನ ಪೂರ್ವಕ್ಕೆ ಹೋದರೆ ಹೈದರಾಬಾದ್ ನಿಜಾಮರ ಗಡಿ. 1947–48ರಲ್ಲಿ ನಿಜಾಮರ ಪರ ನಿಂತ ರಜಾಕಾರರ ಪಡೆಯ ಹಾವಳಿ ಜಾಸ್ತಿಯಾದಾಗ ಕೊಪ್ಪಳ ಕಡೆಯ ಜನ ಈ ಗೆರೆ ದಾಟಿ ಈಚೆಗೆ ಬಂದರು. ನಿಜಾಮರ ವಿರುದ್ಧದ ಹೋರಾಟಗಾರರ ಶಿಬಿರಗಳು ಮುಂಡರಗಿ, ಗಜೇಂದ್ರಗಡದಲ್ಲಿ ನಡೆದವು. ಗಡಿಯ ಈಚೆಗಿನ ಊರಾದ್ದರಿಂದಲೇ ಅವುಗಳಿಗೆ ಆ ಪಾತ್ರ ಸಿಕ್ಕಿತು.

ಇನ್ನು ಹೇರೆತ್ತಿನವರ ಕತೆ. ರಸ್ತೆ, ರೈಲು ಬಂದ ಮೇಲೆ ಅವರ ವ್ಯಾಪಾರ ಕುಸಿಯಿತು. ಉಪ್ಪು ವ್ಯಾಗನ್ ಹತ್ತಿತು. ಊರಿಂದೂರಿಗೆ ತಿರುಗುವುದೇ ಬದುಕಾಗಿದ್ದ ಜನ ಸರ್ಕಾರದ ಕಣ್ಣಿಗೆ ಅನುಮಾನದ ಜನರಾದರು. 1871ರಲ್ಲಿ ‘ಕ್ರಿಮಿನಲ್ ಬುಡಕಟ್ಟು’ ಕಾಯ್ದೆ ಬಂತು. 1911ರ ತಿದ್ದುಪಡಿಯಿಂದ ಅದು ದೇಶದ ತುಂಬಾ ಹಬ್ಬಿತು. ಹುಟ್ಟಿನಿಂದಲೇ ಕಳ್ಳ ಎನ್ನುವ ಹಣೆಪಟ್ಟಿ. ಹುಬ್ಬಳ್ಳಿ, ಗದಗದಲ್ಲಿ ಇಂಥವರಿಗೆಂದೇ ಸೆಟ್ಲ್‌ಮೆಂಟ್‌ಗಳಾದವು. ಕೊರವರು, ಹರಣಶಿಕಾರಿಗಳು ಮೊದಲಾದವರನ್ನು ತಂದು ಅಲ್ಲಿ ಇರಿಸಿದರು. ಸುತ್ತ ತಂತಿಬೇಲಿ, ಹಾಜರಿ, ಹೊರಗೆ ಹೋಗಲು ಪಾಸು. ನಾಡಿನ ಎಲ್ಲ ಗಡಿ ದಾಟಿ ಉಪ್ಪು ಮುಟ್ಟಿಸಿದವರಿಗೆ ಪಕ್ಕದ ಓಣಿಗೆ ಹೋಗಲು ಚೀಟಿ ಬೇಕಾಯಿತು.

ಹೊಟ್ಟೆಪಾಡಿಗೆ ಅವರಿಗೆ ಸಿಕ್ಕದ್ದು ಹತ್ತಿ ಗಿರಣಿಯ ಕೆಲಸ, ರೈಲ್ವೆ ವರ್ಕ್‌ಶಾಪಿನ ಕೆಲಸ. ಎತ್ತಿನ ಬೆನ್ನಿನಿಂದ ಮಾಲು ಕಸಿದುಕೊಂಡ ರೈಲಿನ ಡಬ್ಬಿಗಳನ್ನೇ ರಿಪೇರಿ ಮಾಡಬೇಕಾಯಿತು. ಕಾಯ್ದೆ 1952ರಲ್ಲಿ ರದ್ದಾಯಿತು. ತಂತಿಬೇಲಿ ಹೋಗಿ ಮನೆಗಳಾದವು, ಅಂಗಡಿಗಳಾದವು. ಇವತ್ತು ಹುಬ್ಬಳ್ಳಿಯಲ್ಲಿ ಆಟೋದವರಿಗೆ ‘ಸೆಟ್ಲ್‌ಮೆಂಟ್‌ಗೆ ನಡೀರಿ’ ಎಂದರೆ ಸಾಕು, ಯಾವ ಸೆಟ್ಲ್‌ಮೆಂಟ್ ಎಂದು ಯಾರೂ ಕೇಳುವುದಿಲ್ಲ.